ಉಳ್ವೇಕರ ವಿರುದ್ಧ ಉಳ್ವೇಕರ

ಕಾರವಾರದ ಕೋರ್ಟಿನ ಹಿಂಗೋಡೆಗೆ ಆತುಕೊಂಡು
ನನ್ನ ಅಂಗಡಿ: ಒಂದು ಝೆರಾಕ್ಸು, ಒಂದು ಕಂಪ್ಯೂಟರು,
ಅಪ್ಪನ ಟೈಪ್‌ರೈಟರಿನ ಮೇಲೆ ಈಗ ಬಿಳಿ ಹಾಳೆಯ ಕಟ್ಟು.

ಹನ್ನೊಂದಕ್ಕೆ ಖಾಲಿ ಬುಟ್ಟಿ ಹೊರಗಿಟ್ಟು
ಚಂದ್ರಭಾಗಾ ಒಳಬಂದಳು.
ಪ್ಲಾಸ್ಟಿಕ್ಕಿನೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಚೀಟಿ.
ಆದರೂ ಉಪ್ಪು ಹೊಕ್ಕಿತ್ತು.
ನಂಬರಿನ ಕೊನೆಯದು ಮೂರೋ ಎಂಟೋ,
ಇಸವಿ ಪೂರಾ ಸಮುದ್ರಕ್ಕೆ.

"ಮುಂದಿನ ತಾರೀಕು ಯಾವಾಗ, ನೋಡಿ ಹೇಳು ಬಾಯೀ.
ವಕೀಲರ ಬಾಗಿಲಿಗೆ ಬೀಗ."

ನಂಬರಿಲ್ಲದಿದ್ದರೆ ಹೆಸರಿನಿಂದ ಹುಡುಕಬೇಕು.
ರಾಜ್ಯ ಆರಿಸು. ಜಿಲ್ಲೆ ಆರಿಸು.
ನ್ಯಾಯಾಲಯ ಸಂಕೀರ್ಣ ಆರಿಸು.
ಸಂಕೀರ್ಣ ಅಂದ್ರೆ ಎಂತ, ಎಂದಳು.
ಕಟ್ಟಡ, ಎಂದೆ. ಪೂರ್ತಿ ಸುಳ್ಳಲ್ಲ.
ಬಾಕಿಯೋ, ಇತ್ಯರ್ಥವೋ, ಎರಡೂವೋ?
ಎರಡಕ್ಕೂ ಗುರುತು ಹಾಕಿದೆ.
ಇಸವಿ ಬೇಕೇ ಬೇಕು.
"ಮಗಳು ಬಾಲವಾಡಿಗೆ ಹೋಗ್ತಿತ್ತು.
ಆಗ ಕಾಳಿಗೆ ಒಂದೇ ಸೇತುವೆ."
ಈಗಲೂ ಒಂದೇ ಅಲ್ವಾ?
"ಇದಲ್ಲ. ಬಿತ್ತಲ್ಲ, ಅದು."

ಹೆಸರು ಘನಶ್ಯಾಮ ಉಳ್ವೇಕರ.
ಇಂಗ್ಲಿಷಿಗೆ ಳ ಇಲ್ಲ.
ಘ ಬರೆಯಲು ಒಬ್ಬ ಗುಮಾಸ್ತ ಎಚ್ ಹಾಕುತ್ತಾನೆ,
ಇನ್ನೊಬ್ಬನಿಗೆ ಊಟದ ಹೊತ್ತು, ಹಾಕುವುದಿಲ್ಲ.
ಘನಶ್ಯಾಮ, ಗನಶಾಮ, ಗಣೇಶಾಮ,
ಉಲ್ವೇಕರ್, ಉಲವೇಕರ, ವುಲ್ವೇಕರ.
ಒಂದೊಂದು ಸಲಕ್ಕೂ ಓರೆಯಾಗಿ ನಿಂತ ಆರು ಅಕ್ಷರ,
ನೋಡಿ ಬರೆ ಎನ್ನುತ್ತದೆ.
"ಅದರ ಮೇಲೆ ಗೆರೆ ಎಳೆದದ್ದು ಯಾಕೆ? ತಪ್ಪಾಗಿತ್ತಾ?"
ಒಂದೊಂದು ಸಲಕ್ಕೂ: ದಾಖಲೆ ಲಭ್ಯವಿಲ್ಲ.
"ಇಲ್ಲದೆ ಎಂತ! ತಾರೀಕು ತಾರೀಕಿಗೂ
ಬುತ್ತಿ ಕಟ್ಟಿದವಳು ನಾನು."

ಕೊನೆಗೆ ಮೂರೇ ಅಕ್ಷರ ಕೊಟ್ಟೆ. ಯು, ಎಲ್, ವಿ.
ಆಗ ಬಿತ್ತು ನೋಡಿ ಬಲೆ ತುಂಬ:
ಚೆಕ್ ಬೌನ್ಸಾದವರು, ಪಾಲು ಕೇಳಿದವರು,
ಹೆಲ್ಮೆಟ್ಟಿಲ್ಲದ ಬೈಕು, ಜೀವನಾಂಶ…
ನಾನು ಓದುತ್ತ ಹೋದೆ. ಒಂದು ಹೆಸರಿಗೆ ಅವಳ ಕೈ
ನನ್ನ ಕೈ ಹಿಡಿಯಿತು.
"ಅವಳು ಗಂಡನ್ನ ಬಿಟ್ಟಳಾ? ಮೊನ್ನೆ ನನ್ನ ಹತ್ರಾನೇ
ನಗ್ತಾ ಮೀನು ತಗೊಂಡ್ಳು."
ಆಮೇಲೆ ಗೋಡೆಯ ಕಡೆ ತಿರುಗಿ: "ಬೇಡ. ಮುಂದೆ ಹೋಗು."

ಇಪ್ಪತ್ತೇಳನೆಯ ಸಾಲು.
ಉಳ್ವೇಕರ ವಿರುದ್ಧ ಉಳ್ವೇಕರ.
ಅಣ್ಣನ ಕೇಸು ತಮ್ಮನ ಮೇಲೆ,
ಮೀನು ಒಣಗಿಸುವ ಒಂದೂವರೆ ಗುಂಟೆ ಮರಳಿಗೆ.
ಮುಂದಿನ ತಾರೀಕಿನ ಜಾಗ ಖಾಲಿ.
ಕೆಳಗೊಂದು ಶಬ್ದ: ಅಬೇಟೆಡ್.

ಅಪ್ಪನ ನಿಘಂಟು ತೆಗೆದೆ.
ತಗ್ಗಿದ, ಇಳಿದುಹೋದ,
ಗಾಳಿ, ನೆರೆ, ನೋವಿನ ಕುರಿತು ಹೇಳುವಾಗ.
ಕೋರ್ಟಿನ ಕುರಿತು ಹೇಳುವಾಗ ನನಗೇ ಗೊತ್ತು:
ಕೇಸು ಹಾಕಿದವ ಸತ್ತ,
ಸತ್ತ ಎಂದು ಯಾರೂ ತಿಳಿಸಲಿಲ್ಲ,
ಅವನು ನಿಂತಲ್ಲಿ ಯಾರೂ ಬಂದು ನಿಲ್ಲಲಿಲ್ಲ.
ಇದನ್ನು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ನೀರು ಇಳಿದಿದೆ, ಎಂದೆ.

"ಸುಕ್ತಿಯಾ?"
ಸ್ಕ್ರೀನನ್ನೇ ನೋಡಿದಳು, ಕಡಲು ನೋಡುವ ಹಾಗೆ.
"ಹಾಗಾದ್ರೆ ಭರತಿ ಎಷ್ಟು ಗಂಟೆಗೆ?"

ನಗು ಬರಬೇಕಿತ್ತು ನನಗೆ.
ಇದೆ, ಎಂದೆ. ಬೇರೆ ವಕೀಲರನ್ನು ಹಿಡಿಯಬೇಕು.
ಗಂಡನ ಜಾಗದಲ್ಲಿ ನಿಲ್ಲುತ್ತೇನೆ ಅಂತ ಅರ್ಜಿ,
ತಡವಾದದ್ದನ್ನು ಮನ್ನಿಸಿ ಅಂತ ಇನ್ನೊಂದು.
ಮನ್ನಿಸುತ್ತಾರೋ ಇಲ್ಲವೋ, ನಾನು ಟೈಪು ಮಾಡುವವಳು.
ಎರಡು ವರ್ಷ ನಾಲ್ಕು ತಿಂಗಳಾಯ್ತು.
ದಿನ ದಿನಕ್ಕೂ ಕಾರಣ ಕೇಳುತ್ತಾರೆ.

ಬುಟ್ಟಿಯನ್ನು ಒಳಗೆಳೆದು, ಮಗುಚಿ,
ಅದರ ಮೇಲೆ ಕೂತಳು.

"ಬರ್ಕೋ.
ಮೊದಲ ದಿನ ಅವರನ್ನ ಸುಟ್ಟು ಬಂದೆವು.
ಎರಡನೇ ದಿನ ಮಳೆ, ಬೂದಿ ಹತ್ರ ಹೋಗ್ಲಿಕ್ಕಾಗ್ಲಿಲ್ಲ.
ಮೂರನೇ ದಿನ ಮೈದುನ ಬಂದ. ಹೌದು, ಅವನೇ.
ಅಣ್ಣನ ಬೂದಿಗೆ ಹಾಲು ಹಾಕಿ
ನನ್ನ ಮುಖ ನೋಡದೆ ಹೋದ. ಅದನ್ನೂ ಬರಿ.
ಹದಿನಾಲ್ಕಕ್ಕೆ ಬುಟ್ಟಿ ಹೊತ್ತೆ.
ಹದಿನೈದು, ಬಂಗುಡೆ.
ಹದಿನಾರು, ಬಂಗುಡೆ.
ಹದಿನೇಳಕ್ಕೆ ಬೋಟೇ ಬರ್ಲಿಲ್ಲ, ದಕ್ಕೆಯಲ್ಲಿ ಕೂತಿದ್ದೆ.
ಹದಿನೆಂಟು…"