ಪ್ರಯಾಣಿಕರ ಗಮನಕ್ಕೆ

ಹದಿನೆಂಟು ವರ್ಷ ರಾಯಚೂರು ಬಸ್‌ಸ್ಟ್ಯಾಂಡಿನ ಮೈಕಿನ್ಯಾಗ
ಅಪ್ಪ ಇದ್ದ.
ಕೋಟಿ ಗುಡ್ಡ ಹತ್ತಿದವರಿಗೂ ಕೇಳ್ತಿತ್ತಂತ:
'ಗಬ್ಬೂರು ಮಾರ್ಗವಾಗಿ ದೇವದುರ್ಗಕ್ಕೆ ಹೋಗುವ ಬಸ್ಸು
ಎರಡನೇ ಅಂಕಣದಲ್ಲಿ ನಿಂತಿದೆ...'
ಮನ್ಯಾಗೂ ಹಂಗ ಮಾತಾಡ್ತಿದ್ದ, ಪುಸ್ತಕದ ಕನ್ನಡ,
ಉಪ್ಪು ಕೇಳಾಕೂ.
ಗೆಳತೇರ ಮುಂದ ನನಗ ನಾಚಿಕಿ.

ಈಗ ಅವನ ಕೊಳ್ಳಾಗ ಒಂದು ತೂತು,
ಅದರ ಮ್ಯಾಲ ಅವ್ವ ಹೊಲಿದ ಬಿಳಿ ಅರಿವಿ.
ಹೈದರಾಬಾದಿನ ಡಾಕ್ಟರು ದನಿಯ ಗೂಡು ತಗದು
ಟ್ರೇದಾಗ ಇಟ್ಟು ಅವ್ವಗ ತೋರಿಸಿದರಂತ.
ನನಗ ತೋರಿಸಲಿಲ್ಲ. ಹದಿನೇಳು ನೋಡೋ ವಯಸ್ಸಲ್ಲಂತ.
ಕೊಳವಿ ತೊಳಿಯೋ ವಯಸ್ಸು ಮಾತ್ರ ಆಗ್ಯದ.

ತಮ್ಮನ ಹೆಸರು ಮೌನೇಶ. ಇಟ್ಟವರನ್ನ ಕೇಳಬೇಕು.
ಅಪ್ಪ ಮನಿಗೆ ಬಂದ ಮೂರನೇ ದಿನ
ತಂಬಿಗಿ ಬಾಯಿಗಿಟ್ಟು ಶುರು ಮಾಡಿದ:
'ಪ್ರಯಾಣಿಕರ ಗಮನಕ್ಕೆ! ಅಡುಗೆಮನೆಯಿಂದ ಹೊರಟು
ಪಡಸಾಲೆ ಮಾರ್ಗವಾಗಿ ಮಂಚಕ್ಕೆ ಹೋಗುವ ಗಂಜಿ
ತಾಂತ್ರಿಕ ಕಾರಣದಿಂದ ಹತ್ತು ನಿಮಿಷ ತಡ...'

ಫಟ್ ಅಂತ ಕೊಟ್ಟೆ ಕಪಾಳಕ್ಕ.
ತಂಬಿಗಿ ಉರುಳಿ ಹೋತು ಹೊಸ್ತಿಲ ತನಕ.
ತಿರುಗಿ ನೋಡಿದ್ರ ಅಪ್ಪನ ಹೆಗಲು ಅಲುಗಾಕತ್ತಿದ್ವು.
ಅಳ್ತಾನ ಅಂದ್ಕೊಂಡೆ.
ನಗಾಕತ್ತಿದ್ದ.
ಸದ್ದಿಲ್ಲ. ಕೊಳ್ಳಿನ ಅರಿವಿ ಒಂದೇ ಪಟಪಟ ಹಾರ್ತಿತ್ತು.

ನಾ ಹಂಗಲ್ಲ. ನಾ ಸುಳ್ಳು ಹೇಳ್ತೀನಿ.
ಕಾಲೇಜಿನ್ಯಾಗ ನಮ್ಮಪ್ಪ ರಜಾದ ಮ್ಯಾಲ ಅದಾನ.
ನಸೀಮಾ 'ಎಲ್ಲಾ ಆರಾಮಾ?' ಅಂದ್ರ
ಕೆಮಿಸ್ಟ್ರಿ ನೋಟ್ಸ್ ಕೇಳ್ತೀನಿ.
ಅತ್ತಿ ಬಂದು 'ಇನ್ನ ನೀನ ಗಟ್ಟಿ ಆಗಬೇಕವಾ' ಅಂತಾಳ.
ಗಟ್ಟಿ ಅಂದ್ರ ನನಗ ನೆನಪಾಗೋದು ರೊಟ್ಟಿ,
ನಿನ್ನಿದು.

ನಾಕರ ಮ್ಯಾಲ, ಯಾರಿಗೂ ಹೇಳಲಾರದ, ಬಸ್‌ಸ್ಟ್ಯಾಂಡಿಗೆ ಹೋಗಿ
ಸಿಮೆಂಟ್ ಬೆಂಚಿನ ಮ್ಯಾಲ ಕುಂದರ್ತೀನಿ,
ಹೊಸಬನ ತಪ್ಪು ಬರಕೊಳ್ಳಾಕ.
ನೋಟ್‌ಬುಕ್ಕಿನ ಕಡೀ ಹಾಳಿ ತುಂಬ್ಯದ:
ಲಿಂಗಸುಗೂರು ಬಸ್ಸಿಗೆ ಸಿರವಾರ ಬಿಟ್ಟ.
ಪೋತ್ನಾಳ ಅನ್ನಾಕ ಎಡವಿದ.
ಮೂರನೇ ಅಂಕಣ ಅಂದ, ಬಸ್ಸು ಐದರಾಗ.
ಒಂದೊಂದು ತಪ್ಪಿಗೂ ಹೊಟ್ಟಿ ತಣ್ಣಗ.

ರಾತ್ರಿ ಓದಿ ಹೇಳ್ತೀನಿ. ಅಪ್ಪ ಮೌನೇಶನ ಹಳೇ ಪಾಟಿ ತಗೊಂಡು
ಬರೀತಾನ, ಒರಸ್ತಾನ, ಬರೀತಾನ.
ಒಮ್ಮೆ ಬರದ:
'ತಪ್ಪು ಇರಲಿ. ಜಾಗ ಬಿಡುತ್ತಾನೆಯೇ?
ಊರ ಹೆಸರಾದ ಮೇಲೆ ಒಂದು ಉಸಿರಿನಷ್ಟು ಜಾಗ ಬಿಡಬೇಕು.
ಗಂಟು ಹೊತ್ತ ಮುದುಕಿಯರು ಎದ್ದು ನಿಲ್ಲಬೇಕಲ್ಲ.'

ಹುಟ್ಟಿದಾಗಿಂದ ಕೇಳೇನಿ ಆ ದನಿ.
ಆ ಜಾಗ ಕೇಳೇ ಇರಲಿಲ್ಲ.

ಮರುದಿನ ಹೋಗಿ ಕಿಟಕಿ ಬಡದೆ.
ಹೊಸಬ ನನಕಿಂತ ನಾಕೈದು ವರ್ಷ ದೊಡ್ಡಾವ, ಮೊಡವಿ ಮಾರಿ,
ಕೈಯಾಗ ಅರ್ಧ ಬಾಳೆಹಣ್ಣು.
ಹೇಳಿದೆ. ಜಾಗ, ಮುದುಕೇರು, ಗಂಟು.
'ನಿನಗ ಯಾರು ಹೇಳಿದರು ಇದನ್ನ?'
'ನಮ್ಮಪ್ಪ. ಕ್ಯಾನ್ಸರ್ ಅದ.'

ಆ ಶಬ್ದ ಮೊದಲನೇ ಸಲ ನನ್ನ ಬಾಯಿಂದ ಬಂತು,
ಗುರುತಿಲ್ಲದಾವನ ಮುಂದ, ಒಂದು ಬಾಳೆಹಣ್ಣಿನ ಮುಂದ.
ಎದಿ ಧಸಕ್ ಅಂದು ಮೈಕಿನ ಕೆಂಪು ದೀಪ ನೋಡಿದೆ.
ಆರಿತ್ತು. ಪುಣ್ಯ.

ಅವ ತಲಿ ಆಡಿಸಿದ. ಎರಡು ದಿನ ಜಾಗ ಬಿಟ್ಟ.
ಮೂರನೇ ದಿನ ಮರ್ತ.
ಬರಕೊಂಡೆ.

ನಾಳಿ ಹೈದರಾಬಾದಿಗೆ, ಸ್ಕ್ಯಾನಿಗೆ.
ನನ್ನನ್ನೂ ಕರಕೊಂಡು ಹೊಂಟಾರ.
ಸೊಟ್ಟ ತಂಬಿಗಿ ಎತ್ತ್ಯಾನ ಮೌನೇಶ:
'ಬೆಳಗಿನ ಐದು ಗಂಟೆಗೆ ಹೊರಡುವ ನಮ್ಮಪ್ಪ...'
ಅಲ್ಲಿಗೆ ನಿಂತ. ಮುಂದಿನ ಊರು ಹೇಳವಲ್ಲ.
ಮಂಚದ ಮ್ಯಾಲ ಅಪ್ಪ ಬೆರಳೆತ್ತಿ ಎಣಿಸಾಕತ್ತಾನ,
ಒಂದು, ಎರಡು,

ನಾ ಚೀಲ ಹೆಗಲಿಗೇರಿಸಿ ಎದ್ದೇ ಬಿಟ್ಟೇನಿ.
ಇನ್ನೂ ರಾತ್ರಿ ಒಂಬತ್ತು.