ಎಣಿಕೆ

ವಿಜಯನಗರ ಎರಡನೇ ಹಂತದ ಪಾರ್ಕಿನಲ್ಲಿ
ಮಗನ ಚಪ್ಪಲಿ ಕಾಯುತ್ತ ಕೂತಿದ್ದೆ.
ಬಿಳಿ ಅಂಗಿಯ ಇಪ್ಪತ್ತು ಮಕ್ಕಳು
ಗಾಳಿಗೆ ಗುದ್ದುತ್ತ ಕೂಗಿದರು:
ಇಚಿ, ನಿ, ಸಾನ್, ಶಿ...

ಅದು ನಮ್ಮ ತಾತನ ಪದ!

ಜಗುಲಿ ಕಂಬಕ್ಕೆ ಕಣ್ಣೊತ್ತಿ
ಕಣ್ಣಾಮುಚ್ಚಾಲೆಗೆ ನಾವು ಎಣಿಸಿದ್ದು ಹೀಗೇ.
ಬೇರೆ ಐಕಳಿಗೆ ಬರುತ್ತಿರಲಿಲ್ಲ,
ನಮಗೆ ಅದೇ ಜಂಬ.

'ಜಪಾನಿ ಕಣಮ್ಮ' ಅಂದರು ಕರಾಟೆ ಮೇಷ್ಟ್ರು.

ಮಿಲಿಟ್ರಿ ಮಂಚೇಗೌಡ ಅಂತಲೇ ಊರಿಗೆಲ್ಲ ಹೆಸರು.
ಸಿಂಗಾಪುರ ಅನ್ನುತ್ತಿದ್ದರು, ಸೆರೆ ಅಂತ ಯಾರೂ ಅಂದಿರಲಿಲ್ಲ.
ತಾತನನ್ನು ಕೇಳಿದರೆ,
'ಹೋಗಿದ್ದೆ. ಬಂದೆ ಕನ.'

ಉಳಿದದ್ದು,
ಹಿಡಿ ಮುರಿದ ಊಟದ ಡಬ್ಬಿ,
ತಳದಲ್ಲಿ ಮೊಳೆಯಿಂದ ಕೆತ್ತಿದ ನಂಬರು,
ಅಜ್ಜಿ ರಾಗಿ ಅಳೆಯುತ್ತಿದ್ದದ್ದು ಅದರಲ್ಲೇ.
ಒಂದು ನಕ್ಷತ್ರ. ಚಿನ್ನವೇನೋ ಅಂತ ಚಿಕ್ಕಪ್ಪ
ಮದ್ದೂರಿನ ಆಚಾರಿಗೆ ತೋರಿಸಿ
ನಗಿಸಿಕೊಂಡು ವಾಪಸು ತಂದದ್ದು.
ಒಂದು ಕಾರ್ಡು: 'ನಾನು ಕ್ಷೇಮ. ಇಲ್ಲಿ'
ಆಮೇಲೆ ಎರಡೂವರೆ ಸಾಲು ಯಾರೋ ಬಳಿದ ಕಪ್ಪು
'ಕೆಂದಹಸ ಕರು ಹಾಕಿತೇ?'
ಉತ್ತರ ಬರೆಸಿದ್ದಳಂತೆ ಅಜ್ಜಿ.
ಮೂರೂವರೆ ವರ್ಷ ಮತ್ತೆ ಕಾರ್ಡಿಲ್ಲ.
ಆ ಕರುವೇ ಎರಡು ಸೂಲು ಕಂಡಿತ್ತು
ತಾತ ಬರುವ ಹೊತ್ತಿಗೆ.

ಮಗ ಬೆವರೊರೆಸುತ್ತ ಬಂದ.
ನನಗೂ ಬರುತ್ತೆ ಕೇಳು ಅಂದೆ:
ಇಚಿ, ನಿ, ಸಾನ್, ಶಿ, ಗೋ, ಶಿಚಿ...
'ಅಮ್ಮಾ, ಆರು ಬಿಟ್ಟೆ.
ರೊಕು.'

ಆ ಪದ ನಾನು ಕೇಳಿಯೇ ಇಲ್ಲ.
ಗೋ ಆದ ಮೇಲೆ ತಾತ ಒಂದು ಉಸಿರು ನಿಲ್ಲುತ್ತಿದ್ದ,
ಪಕ್ಕದಲ್ಲಿ ಯಾರೋ ಮಾತಾಡಲಿ ಎಂಬಂತೆ.
ಆಮೇಲೆ ಹಿಮ್ಮಡಿ ಕೂಡಿಸಿ, ಗಟ್ಟಿಯಾಗಿ, ಶಿಚಿ!
ನಾವು ಬಿದ್ದು ಬಿದ್ದು ನಗುತ್ತಿದ್ದೆವು.
ರಾಗಿ ಅಳೆಯುವಾಗ ಒಂದಕ್ಕೆ ಲಾಭ ಅನ್ನುವ ಮನೆ,
ಏಳು ಅನ್ನದೆ ಮತ್ತೊಂದು ಅನ್ನುವ ಮನೆ.
ಒಂದು ಸಂಖ್ಯೆ ಇಲ್ಲದ್ದು
ಯಾರಿಗೆ ತಾನೇ ವಿಚಿತ್ರ?

ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ,
ಪಲ್ಲ ಭತ್ತ ಬಸ್ಸಿನ ಮೇಲೆ ಹಾಕಿಸಿಕೊಂಡು
ಕಿರುಗಾವಲಿಗೆ ಹೋಗುತ್ತಿದ್ದ ತಾತ.
ಯಾರ ಮನೆಗೆ? ಹೇಳುತ್ತಿರಲಿಲ್ಲ.
ಬರಿ ಚೀಲ ಮಡಿಚಿಕೊಂಡು ಬರುತ್ತಿದ್ದ.
'ಯಾವಳವ್ಳೋ ಅಲ್ಲಿ' ಅಂತ ಅಜ್ಜಿ
ಮೂರು ದಿನ ಮಾತು ಬಿಡುತ್ತಿದ್ದಳು.
ಸಾಯುವ ವರ್ಷವೂ
ಅದನ್ನೇ ಅಂದು ಮಗ್ಗುಲಾದಳು.

ಕಬ್ಬಿನಹಾಲಿನ ಗಾಡಿಯತ್ತ ಮಗ ಓಡಿದ.
ಬೆಂಚಿನ ಮೇಲೆ ನಾನೊಬ್ಬಳೇ
ಬೆರಳು ಮಡಿಚಿದೆ, ಬಿಚ್ಚಿದೆ.

ಯಾವಳೂ ಅಲ್ಲ ಕನಜ್ಜಿ,
ಆರು ಇರಬೇಕು.