ಕೇಳಿಸಿದರೆ ಬೆರಳೆತ್ತಿ

ಹಗಲೆಲ್ಲ ನನ್ನದು ಸದ್ದಿಲ್ಲದ ಕೋಣೆ.
ಗಾಜಿನಾಚೆ ಒಬ್ಬರನ್ನು ಕೂರಿಸಿ
ಹೆಡ್‌ಫೋನು ತೊಡಿಸಿ ಹೇಳುತ್ತೇನೆ:
ಕೇಳಿಸಿದರೆ ಬೆರಳೆತ್ತಿ.
ಕೇಳಿಸದಿದ್ದರೂ ಎತ್ತುವವರಿದ್ದಾರೆ,
ಹೆಚ್ಚಾಗಿ ಮದುವೆ ನಿಶ್ಚಯವಾದವರು.

ದಯಾಕರ ಸಾಲ್ಯಾನ್ ಎತ್ತಲಿಲ್ಲ.
ನಾಲ್ಕು ಸಾವಿರ ಹರ್ಟ್ಸಿನಲ್ಲಿ ಅವನ ಗೆರೆ
ಹಗ್ಗ ಜಾರಿದ ಕೊಡದ ಹಾಗೆ ಬಾವಿಗಿಳಿದಿತ್ತು.
ಹಗಲು ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ,
ರಾತ್ರಿ ಡ್ರಮ್ಸ್.
ಒಂದನ್ನು ಬಿಡಿ, ಎಂದೆ.
ನಕ್ಕ. ರಶೀದಿಯ ಬೆನ್ನಿಗೆ ಬರೆದುಕೊಟ್ಟ:
ಶನಿವಾರ ಎಂಟು ಗಂಟೆ, ಜೆಪ್ಪು, ಹಳೇ ಹಂಚಿನ ಗೋದಾಮು.
ಯಾವುದನ್ನು ಬಿಡುವುದೆಂದು ನೀವೇ ನೋಡಿ ಹೇಳಿ ಮೇಡಂ.

ಹಾಗೆ ಬಂದವಳು ನಾನು,
ಚೀಲದಲ್ಲಿ ಹತ್ತು ಜೊತೆ ಹಳದಿ ಇಯರ್‌ಪ್ಲಗ್ಗು, ಹಂಚೋಣವೆಂದು.
ಬಾಗಿಲ ಹುಡುಗ ಒಂದನ್ನು ಮಿಠಾಯಿಯೋ ಎಂದು ಮೂಸಿ ನೋಡಿ
ಮುಂಗೈಗೆ ಮುದ್ರೆಯೊತ್ತಿದ: ನೀಲಿ ಬಂಗುಡೆ.

ಒಳಗೆ ಮೇ ತಿಂಗಳ ಸೆಕೆ, ಉಪ್ಪು ಸವರಿದ್ದು.
ಮೊದಲ ತಂಡದ ಮೂವರಿಗೂ ಇನ್ನೂ ಮೀಸೆ ಕೂಡಿಲ್ಲ.
ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತೇ ಇರುವ ಬಗ್ಗೆ
ಏಳು ನಿಮಿಷದ ಹಾಡು.
ಅದೂ ನಿಂತೇ ಇತ್ತು.
ಶಿಳ್ಳೆ ಹೊಡೆದವರೆಲ್ಲ ಅವರ ಅಕ್ಕಂದಿರು.

ಆಮೇಲೆ ‘ಬೊಳ್ಳ’.
ಮುನೀಬನ ಆಂಪ್ಲಿಫೈಯರು ದಮ್ಮಾಮಿನಿಂದ ಮಾವ ತಂದದ್ದು,
ಈಗಲೂ ಖರ್ಜೂರದ ವಾಸನೆಯಂತೆ.
ಮೈಕಿನ ಮುಂದೆ ವಿಯೋಲಾ ಲಸ್ರಾದೊ,
ನಾಳೆ ಬೆಳಿಗ್ಗೆ ಏಳಕ್ಕೆ ಇಗರ್ಜಿಯ ಕ್ವಾಯರಿಗೂ ಇವಳೇ.
ದಯಾಕರ ಕೋಲು ತಟ್ಟಿದ:
ಒಂಜಿ, ರಡ್ಡ್, ಮೂಜಿ, ನಾಲ್ —

ಮಾಡು ನಡುಗಿ, ಹಂಚಿನ ಹಳೇ ಕೆಮ್ಮಣ್ಣು
ಬಿಯರಿನೊಳಗೆ ಉದುರಿತು.
ನನ್ನ ಪಕ್ಕೆಲುಬಿಗೊಂದು ಕದವಿದೆಯೆಂದು
ಈವರೆಗೆ ಯಾರೂ ತಟ್ಟಿ ತೋರಿಸಿರಲಿಲ್ಲ.
ನೂರ ಎಂಟು ಡೆಸಿಬೆಲ್, ಎಂದಿತು ಮೊಬೈಲು.
ಇಷ್ಟು ಸದ್ದಿನಲ್ಲಿ ಎರಡು ನಿಮಿಷ ನಿಲ್ಲಬಹುದೆಂದು
ಕಾಲೇಜಿನಲ್ಲಿ ಪಾಠ ಮಾಡುವವಳೂ ನಾನೇ.
ಹನ್ನೊಂದನೇ ನಿಮಿಷ. ನಿಂತಿದ್ದೆ.

ಅವನ ಕಣ್ಣು ಮಾತ್ರ ವಿಯೋಲಾಳ ಬಾಯಿ ಬಿಟ್ಟು ಕದಲಲಿಲ್ಲ.
ಎರಡು ವರ್ಷದಿಂದ ಬಂದರಿಡೀ ಅದಕ್ಕೆ ಪ್ರೀತಿಯೆಂದಿತ್ತು.
ಪ್ಲಗ್ಗಿನ ಹತ್ತಿಮೌನದೊಳಗೆ ನನಗೆ ಥಟ್ಟನೆ ತಿಳಿಯಿತು:
ಓದುತ್ತಿದ್ದಾನೆ ಇವನು.
ಪಲ್ಲವಿ ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲಬೇಕು,
ಎಲ್ಲ ಅವಳ ತುಟಿಯ ಮೇಲಿದೆ.

ಆಗಲೇ ಕರೆಂಟು ಹೋಗಬೇಕೇ.
ಗಿಟಾರು ಸತ್ತಿತು, ಬಾಸು ಸತ್ತಿತು.
ವಿಯೋಲಾಳ ಸ್ವರ, ಅಕ್ಕನ ದೊಡ್ಡ ಅಂಗಿ ಕಳಚಿಟ್ಟ ಮಗು,
ಕತ್ತಲಲ್ಲಿ ಬರಿಮೈಯಾಗಿ ಹಾಡುತ್ತಲೇ ಇತ್ತು.
ಜನರೇಟರಿನವ ಚರ್ಮುರಿ ತಿನ್ನಲು ಹೋಗಿದ್ದ.
ಡ್ರಮ್ಮಿಗೆ ಕರೆಂಟು ಬೇಕಿಲ್ಲ,
ಆದರೂ ತಡವರಿಸಿತು,
ಮೆಟ್ಟಿಲು ತಪ್ಪಿದ ಕಾಲಿನಂತೆ.
‘ಎಂಚಿನ ಮಾರಾಯ, ಕುಡಿದಿದ್ದೀಯಾ?’ ಹಿಂದಿನಿಂದ ಯಾರೋ.

ಎಲ್ಲರ ಟಾರ್ಚು ಮೇಲೆ, ಮಾಡಿನತ್ತ, ತೂಗಾಡುತ್ತಿತ್ತು.
ನಾನು ಜನರನ್ನು ದಬ್ಬಿಕೊಂಡು ಮುಂದೆ ಹೋದೆ,
ಯಾರದೋ ಕಾಲು ತುಳಿದೆ,
ನನ್ನ ಬೆಳಕನ್ನು ನೇರ ವಿಯೋಲಾಳ ತುಟಿಗೆ ಹಿಡಿದೆ.
ಅವಳು ಕಣ್ಣು ಕಿರಿದು ಮಾಡಿ ಬೈದಳು, ಹಾಡಿನ ನಡುವೆಯೇ,
ಕೊಂಕಣಿಯಲ್ಲಿ.
ಅದನ್ನೂ ಓದಿದ, ನಕ್ಕ,
ತಾಳ ಸಿಕ್ಕಿತು.

ಪ್ಲಗ್ಗು ಯಾವಾಗ ಕಿತ್ತೆನೋ. ಕೆಳಗೆ ಬಿದ್ದು
ಎಷ್ಟು ಚಪ್ಪಲಿ ತುಳಿದವೋ.

ಹನ್ನೊಂದೂವರೆಗೆ ಹೊರಗೆ, ಕೊನೆಯ ಬಸ್ಸು ಹೋಗಿಯಾಗಿತ್ತು.
ಅವನು ಒದ್ದೆ ಅಂಗಿ ಹಿಂಡುತ್ತಾ ಬಂದು
ಏನೋ ಕೇಳಿದ.
ನನ್ನ ಕಿವಿಯೊಳಗೆ ಕುಕ್ಕರು ಕೂಗುತ್ತಲೇ ಇತ್ತು.
ಏನೂ ಕೇಳಿಸಲಿಲ್ಲ.

ಬೆರಳೆತ್ತಿದೆ.
ಆಟೋ ಒಂದು ನಿಂತಿತು.